ಬೆಲೀಜ್‌ನಲ್ಲಿ ಒಂದು ವಾರ: ಬಿಡಾರ ಎಲ್ಲಿ ಹೂಡಬೇಕು?

ಬೆಲೀಜ್ ಚಿಕ್ಕ ದೇಶ. ಅದರ ವಿಸ್ತೀರ್ಣ 23 ಸಾವಿರ ಚದರ ಕಿಲೋಮೀಟರಿಗೂ ತುಸು ಕಡಿಮೆ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಅಷ್ಟೆ. ಜನಸಂಖ್ಯೆ ಸುಮಾರು 4 ಲಕ್ಷ. ಉತ್ತರಕ್ಕೆ ಮೆಕ್ಸಿಕೊ, ಪಶ್ಚಿಮಕ್ಕೂ ದಕ್ಷಿಣಕ್ಕೂ ಗ್ವಾಟೆಮಾಲಾ, ಪೂರ್ವಕ್ಕೆ ಕೆರಿಬಿಯನ್ ಸಮುದ್ರ. 1981ರ ಸೆಪ್ಟೆಂಬರ್ 21ರಂದು ಬ್ರಿಟನ್ನಿನಿಂದ ಸ್ವತಂತ್ರವಾದ ಈ ದೇಶದ ಅಧಿಕೃತ ಭಾಷೆ ಇಂಗ್ಲಿಷ್ ಆಗಿರುವುದರಿಂದ, ಮಧ್ಯ ಅಮೆರಿಕದ ಉಳಿದ ಕಡೆ ಸ್ಪ್ಯಾನಿಷ್ ಬಾರದವರು ಪಡುವ ಪಾಡು ಇಲ್ಲಿಲ್ಲ. ಹ್ಯೂಸ್ಟನ್‌ನಿಂದ ವಿಮಾನದಲ್ಲಿ ಎರಡೂವರೆ ಗಂಟೆಯ ದಾರಿ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಒಂದು ವಾರದ ರಜೆಗೆ ಈ ದೇಶವನ್ನು ಆಯ್ದುಕೊಳ್ಳುವುದಕ್ಕೆ ಇವಿಷ್ಟೇ ಕಾರಣಗಳು ಸಾಕು.

ನಕಾಶೆಯನ್ನು ನೋಡಿದ ಯಾರಿಗಾದರೂ ಏಳು ದಿನಗಳಲ್ಲಿ ಇಡೀ ದೇಶವನ್ನು ಸುತ್ತಿ ಬರಬಹುದು ಎನ್ನಿಸುತ್ತದೆ. ಮೊದಲ ಸಲ ಹೊರಟಾಗ ನಮಗೂ ಹಾಗೆಯೇ ಅನ್ನಿಸಿ ನಾಲ್ಕು ಊರುಗಳನ್ನು ಗೊತ್ತುಮಾಡಿಕೊಂಡಿದ್ದೆವು. ಪರಿಣಾಮವಾಗಿ ಪೆಟ್ಟಿಗೆ ಕಟ್ಟುವುದು, ಬಸ್ಸಿಗೆ ಕಾಯುವುದು, ದೋಣಿಗೆ ಕಾಯುವುದು, ಹೊಸ ಕೋಣೆಯಲ್ಲಿ ಮತ್ತೆ ಪೆಟ್ಟಿಗೆ ಬಿಚ್ಚುವುದು, ಇವುಗಳಲ್ಲೇ ಮೂರು ದಿನಗಳು ಕಳೆದುಹೋದವು. ಎರಡನೆಯ ಸಲ ತಂದೆ ತಾಯಿಯರನ್ನು ಕರೆದುಕೊಂಡು ಹೋದಾಗ ಎರಡೇ ಕಡೆ ಉಳಿದೆವು. ನೋಡಿದ್ದು ಮೊದಲಿಗಿಂತ ಹೆಚ್ಚು, ದಣಿದದ್ದು ಕಡಿಮೆ. ಇಲ್ಲಿ ಬಿಡಾರ ಬದಲಿಸಿದ ಪ್ರತಿ ಸಲವೂ ಅರ್ಧ ದಿನ ಕೈಬಿಡುತ್ತದೆ, ಕಡಲು ದಾಟಬೇಕಾಗಿದ್ದರೆ ಮುಕ್ಕಾಲು ದಿನ. ಏಳು ದಿನಗಳ ಪ್ರವಾಸವೆಂದರೆ ಆರು ರಾತ್ರಿ. ಬರುವ ದಿನ ಮತ್ತು ಹೊರಡುವ ದಿನ ಅರ್ಧರ್ಧ. ಆದ್ದರಿಂದ ಎಷ್ಟು ಸ್ಥಳಗಳನ್ನು ನೋಡಬಹುದು ಎಂದು ಕೇಳಿಕೊಳ್ಳುವ ಬದಲು ಯಾವ ಎರಡು ಕಡೆ ಬಿಡಾರ ಹೂಡಬೇಕು ಎಂದು ಕೇಳಿಕೊಳ್ಳುವುದು ಒಳ್ಳೆಯದು. ಮುಂದಿನ ಹೋಲಿಕೆಯೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ.

ಆಯ್ಕೆಗಳು ಮುಖ್ಯವಾಗಿ ಮೂರು. ಪಶ್ಚಿಮದ ಕಾಡು ಮತ್ತು ಪ್ರಾಚೀನ ಮಾಯಾ ಜನರ ನಗರಗಳ ಅವಶೇಷಗಳ ಕಡೆಗೆ ಸ್ಯಾನ್ ಇಗ್ನೇಸಿಯೊ; ಹವಳದ ದಿಬ್ಬದ ಕಡೆಗೆ ಕೀ ಕಾಕರ್ ದ್ವೀಪ ಅಥವಾ ಆಂಬರ್ಗ್ರಿಸ್ ಕೀ ದ್ವೀಪದ ಸ್ಯಾನ್ ಪೆಡ್ರೊ; ಕಾಡೂ ಕಡಲೂ ಒಟ್ಟಿಗೆ ಸಿಗುವ ದಕ್ಷಿಣದ ಕರಾವಳಿಯ ಕಡೆಗೆ ಹಾಪ್ಕಿನ್ಸ್ ಅಥವಾ ಪ್ಲಾಸೆನ್ಸಿಯಾ. ತುತ್ತತುದಿಯ ಟೊಲೆಡೊ ಜಿಲ್ಲೆ ನಾಲ್ಕನೆಯದು. ಅದರ ಮಾತು ಕೊನೆಯಲ್ಲಿ ಬರುತ್ತದೆ.

ಯಾವ ತಿಂಗಳು ಎಂಬುದರ ಮೇಲೆ

ಫೆಬ್ರವರಿಯಿಂದ ಮೇ ತಿಂಗಳವರೆಗೆ ಒಣ ಹವೆ. ಜೂನ್‌ನಿಂದ ನವೆಂಬರ್‌ವರೆಗೆ ಮಳೆ ಮತ್ತು ಚಂಡಮಾರುತದ ಕಾಲ. ಮಳೆಯ ಪ್ರಮಾಣ ದೇಶದ ಎಲ್ಲ ಕಡೆ ಒಂದೇ ಅಲ್ಲ. ದಕ್ಷಿಣದ ಟೊಲೆಡೊದಲ್ಲಿ ವರ್ಷದ ಮಳೆ 4,000 ಮಿಲಿಮೀಟರ್ ದಾಟಿದರೆ ಉತ್ತರದಲ್ಲಿ ಅದರ ಅರ್ಧವೂ ಬೀಳುವುದಿಲ್ಲ. ಉಡುಪಿಗೂ ಚಿತ್ರದುರ್ಗಕ್ಕೂ ಇರುವ ಅಂತರವನ್ನು ಬಲ್ಲ ನಮಗೆ ಇದು ಬೇಗ ಅರ್ಥವಾಗುವ ಸಂಗತಿ. ಜುಲೈ, ಆಗಸ್ಟ್‌ನ ಶಾಲಾ ರಜೆಯಲ್ಲೇ ಹೋಗಬೇಕಾದವರು ದಕ್ಷಿಣವನ್ನು ಬಿಟ್ಟು ಸ್ಯಾನ್ ಇಗ್ನೇಸಿಯೊ ಮತ್ತು ಉತ್ತರದ ದ್ವೀಪಗಳನ್ನು ಹಿಡಿಯುವುದು ಕ್ಷೇಮ.

ಚಳಿಗಾಲದ ರಜೆಗೆ ಹೋಗುವವರು ಗಮನಿಸಬೇಕಾದದ್ದು ಬೇರೆ ಇದೆ. ನವೆಂಬರ್‌ನಿಂದ ಫೆಬ್ರವರಿಯವರೆಗೆ ಉತ್ತರದಿಂದ ತಂಪು ಗಾಳಿ ಆಗಾಗ ಬೀಸುತ್ತದೆ. ಒಮ್ಮೆ ಶುರುವಾದರೆ ಎರಡು ಮೂರು ದಿನ ಸಮುದ್ರ ಕದಡಿಹೋಗುತ್ತದೆ. ದೋಣಿಗಳು ಹವಳದ ದಿಬ್ಬಕ್ಕೆ ಹೋಗುವುದಿಲ್ಲ, ಹೋದರೂ ನೀರಿನಡಿ ಏನೂ ಕಾಣುವುದಿಲ್ಲ. ನಮ್ಮ ಮೊದಲ ಪ್ರವಾಸದಲ್ಲಿ ದ್ವೀಪಕ್ಕೆ ಎರಡೇ ರಾತ್ರಿ ಇಟ್ಟುಕೊಂಡಿದ್ದೆವು, ಎರಡೂ ದಿನ ಗಾಳಿ. ದಡದ ಮರದ ಕಟ್ಟೆಯ ಮೇಲೆ ಕುಳಿತು ಮೀಸೆಯಂಥ ಬಿಳಿ ನೊರೆಯ ಗೆರೆಯನ್ನು ದೂರದಿಂದ ನೋಡಿ ವಾಪಸಾದೆವು. ದ್ವೀಪವನ್ನು ಆರಿಸಿಕೊಂಡರೆ ಮೂರು ರಾತ್ರಿಗಿಂತ ಕಡಿಮೆ ಬೇಡ ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕಾಗಿ.

ಪಶ್ಚಿಮದ ಬಿಡಾರ: ಸ್ಯಾನ್ ಇಗ್ನೇಸಿಯೊ

ಮೊದಲ ಸಲ ಹೋಗುವವರು ಉಳಿದ ಯಾವುದನ್ನು ಬಿಟ್ಟರೂ ಈ ಊರನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಲೀಜ್ ಸಿಟಿಯ ಬಳಿಯ ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ. ದಾರಿಯಲ್ಲೇ, 29ನೇ ಮೈಲಿಯಲ್ಲಿ, ಬೆಲೀಜ್ ಮೃಗಾಲಯ ಸಿಗುತ್ತದೆ. ಒಂದು ಸಾಕ್ಷ್ಯಚಿತ್ರದ ಕೆಲಸ ಮುಗಿದ ಮೇಲೆ ಉಳಿದುಹೋದ ಪ್ರಾಣಿಗಳನ್ನು ಇಟ್ಟುಕೊಂಡು ಶ್ಯಾರನ್ ಮಟೋಲಾ 1983ರಲ್ಲಿ ಇದನ್ನು ಆರಂಭಿಸಿದರು. ಮೃಗಾಲಯವೆಂದರೆ ನನಗೆ ಸಂಕಟ, ಆದರೂ ಇದನ್ನು ನೋಡಿ ಎನ್ನುತ್ತೇನೆ. ಇಲ್ಲಿರುವುದು ಈ ನೆಲದ ಪ್ರಾಣಿಗಳು ಮಾತ್ರ, ಅದೂ ಕಾಡಿನ ಮರಗಳ ನೆರಳಿನಲ್ಲೇ. ಜ್ಯಾಗ್ವಾರ್ ಮತ್ತು ರಾಷ್ಟ್ರಪ್ರಾಣಿಯಾದ, ಗಿಡ್ಡ ಸೊಂಡಿಲಿನಂಥ ಮೂತಿಯ ಟೇಪಿರ್ ಖಂಡಿತವಾಗಿ ಕಾಣಸಿಗುವ ಜಾಗ ಇದೊಂದೇ. ವಿಮಾನ ಇಳಿದ ಮಧ್ಯಾಹ್ನವೇ ಇದನ್ನು ಮುಗಿಸಿಕೊಂಡರೆ ಆ ಅರ್ಧ ದಿನವೂ ವ್ಯರ್ಥವಾಗುವುದಿಲ್ಲ.

ಸ್ಯಾನ್ ಇಗ್ನೇಸಿಯೊದಲ್ಲಿ ಉಳಿದವರ ಮುಂದೆ ಬರುವ ದೊಡ್ಡ ಪ್ರಶ್ನೆ ಯಾವ ಮಾಯಾ ನಗರವನ್ನು ನೋಡಬೇಕು ಎಂಬುದು. ಊರಿನ ಗುಡ್ಡದ ಮೇಲೇ ಕಹಲ್ ಪೆಚ್ ಇದೆ, ನಡೆದೇ ಹೋಗಬಹುದು. ಅಲ್ಲಿ ದನ ಮೇಯಿಸುತ್ತಿದ್ದ ಕಾಲದಲ್ಲಿ ಬಂದ ಆ ಹೆಸರಿಗೆ ಉಣ್ಣಿಗಳ ಜಾಗ ಎಂದು ಅರ್ಥ. ಒಂದು ಗಂಟೆ ಸಾಕು. ಉಳಿದ ಮೂರರ ನಡುವೆ, ಅಂದರೆ ಷುನಾನ್‌ತುನಿಚ್, ಕರಕೋಲ್ ಮತ್ತು ಗಡಿಯಾಚೆಯ ಟಿಕಾಲ್ ನಡುವೆ, ನಿಜವಾದ ಆಯ್ಕೆ ಮಾಡಬೇಕಾಗುತ್ತದೆ.

ಷುನಾನ್‌ತುನಿಚ್ ಅರ್ಧ ದಿನದ ಕೆಲಸ. ಸಕ್ಕೊಟ್ಸ್ ಎಂಬ ಹಳ್ಳಿಯಲ್ಲಿ ಮೊಪಾನ್ ನದಿಯನ್ನು ದಾಟಬೇಕು. ನಾವು ದಾಟಿದ್ದು ಕೈಯಿಂದ ನಡೆಸುವ ಕಡವಿನ ತೆಪ್ಪದಲ್ಲಿ. ದಡದಿಂದ ದಡಕ್ಕೆ ಉಕ್ಕಿನ ಹಗ್ಗ ಬಿಗಿದಿದ್ದರು, ತೆಪ್ಪದ ಮೇಲೆ ಒಂದು ರಾಟೆ. ಅಂಬಿಗ ಅದನ್ನು ಸಾವಧಾನವಾಗಿ ತಿರುಗಿಸಿದಂತೆ ಕಾರು, ಜನ, ಒಂದು ಸೈಕಲ್ ಎಲ್ಲವೂ ಸದ್ದಿಲ್ಲದೆ ಆಚೆ ದಡಕ್ಕೆ ಸರಿದವು. ಸಿಗಂದೂರಿನ ಲಾಂಚಿನಲ್ಲಿ ಶರಾವತಿಯ ಹಿನ್ನೀರು ದಾಟಿದ ನೆನಪಿರುವ ಅಪ್ಪ ಇಳಿಯುವುದಕ್ಕೆ ಮನಸ್ಸಿಲ್ಲದೆ ರಾಟೆಯ ಪಕ್ಕದಲ್ಲೇ ನಿಂತಿದ್ದರು. ಅಂಬಿಗ ಅವರ ಕೈಗೆ ಹಿಡಿಕೆ ಕೊಟ್ಟ. ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಅವರ ಉಸಿರು ಏರಿತು. ಅಲ್ಲಿಂದ ಒಂದೂವರೆ ಕಿಲೋಮೀಟರಿನಷ್ಟು ಏರುದಾರಿ ಇದೆ, ವಾಹನ ಮೇಲಿನವರೆಗೆ ಹೋಗುವುದರಿಂದ ಮಂಡಿನೋವಿನವರಿಗೂ ತೊಂದರೆಯಿಲ್ಲ. ಸುಮಾರು 40 ಮೀಟರ್ ಎತ್ತರದ ಎಲ್ ಕ್ಯಾಸ್ಟಿಯೊ ಗೋಪುರವನ್ನು ಹತ್ತಿದರೆ ಗ್ವಾಟೆಮಾಲಾದ ಬಯಲು ಕಾಣಿಸುತ್ತದೆ. ಹತ್ತಲಾಗದವರು ಕೆಳಗಿನ ಹುಲ್ಲುಹಾಸಿನಲ್ಲಿ ನಿಂತೇ ಗೋಪುರದ ಪಕ್ಕದ ಗಾರೆಯ ಉಬ್ಬುಚಿತ್ರಗಳನ್ನು ನೋಡಬಹುದು.

ಕರಕೋಲ್ ದೇಶದ ಅತಿ ದೊಡ್ಡ ಮಾಯಾ ನಗರ. ಮಹಾಗನಿ ಮರಗಳನ್ನು ಹುಡುಕುತ್ತ ಕಾಡಿಗೆ ಹೋದವರಿಗೆ 1937ರಲ್ಲಿ ಇದು ಕಣ್ಣಿಗೆ ಬಿತ್ತು. ಇಲ್ಲಿನ ಕಾನಾ ಎಂಬ ಗೋಪುರ 43 ಮೀಟರ್ ಎತ್ತರವಿದ್ದು, ಮನುಷ್ಯ ಕಟ್ಟಿದವುಗಳ ಪೈಕಿ ಈ ದೇಶದಲ್ಲಿ ಇಂದಿಗೂ ಎಲ್ಲಕ್ಕಿಂತ ಎತ್ತರದ್ದು. ಕ್ರಿ.ಶ. 562ರಲ್ಲಿ ಟಿಕಾಲ್ ಯುದ್ಧದಲ್ಲಿ ಸೋತ ಸಂಗತಿಯನ್ನು ಇಲ್ಲಿನ ಒಂದು ಬಲಿಪೀಠದ ಮೇಲೆ ಕೆತ್ತಿದ್ದಾರೆ. ಮೊದಲು ಕೆಟ್ಟ ದಾರಿಯ ಭಯಕ್ಕೆ ಜನ ಇದನ್ನು ಬಿಡುತ್ತಿದ್ದರು; ಈಚಿನ ವರ್ಷಗಳಲ್ಲಿ ರಸ್ತೆಯ ಬಹುಭಾಗಕ್ಕೆ ಡಾಂಬರು ಬಿದ್ದಿದೆ. ಹಿಂತಿರುಗುವಾಗ ಮೌಂಟನ್ ಪೈನ್ ರಿಜ್‌ನಲ್ಲಿ ಹಾಸುಬಂಡೆಗಳ ನಡುವೆ ಹರಿಯುವ ರಿಯೊ ಆನ್ ಹೊಳೆಯಲ್ಲಿ ಮೀಯಬಹುದು. ಬೆಳಗ್ಗೆ ಹೊರಟರೆ ಸಂಜೆಗೆ ಬಿಡಾರ ಸೇರುತ್ತೀರಿ.

ಟಿಕಾಲ್‌ನ ಗೋಪುರಗಳು ಇವೆರಡರದಕ್ಕಿಂತ ಎತ್ತರ, ಹೆಸರೂ ಹೆಚ್ಚು. ನಾಲ್ಕನೆಯ ದೇವಾಲಯವೊಂದೇ ಸುಮಾರು 65 ಮೀಟರ್ ಎತ್ತರ. ಸ್ಯಾನ್ ಇಗ್ನೇಸಿಯೊದಿಂದ ಹೋಗಲು ಎರಡರಿಂದ ಎರಡೂವರೆ ಗಂಟೆ, ಬರಲು ಅಷ್ಟೇ. ಅದರ ಮೇಲೆ ಗಡಿಯಲ್ಲಿ ಎರಡು ಸಲ ಸರತಿಯ ಸಾಲು. ಭಾರತದ ಪಾಸ್‌ಪೋರ್ಟ್ ಇರುವವರು ಗ್ವಾಟೆಮಾಲಾದ ಪ್ರವೇಶ ನಿಯಮವನ್ನೂ ಬೆಲೀಜ್‌ಗೆ ಮರುಪ್ರವೇಶದ ನಿಯಮವನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ಒಂದೇ ವಾರವಿದ್ದರೆ ನಾನು ಟಿಕಾಲ್ ಬಿಟ್ಟು ಕರಕೋಲ್ ನೋಡುತ್ತೇನೆ. ಕಾರಣ ದೊಡ್ಡದು ಚಿಕ್ಕದು ಎಂಬುದಲ್ಲ. ಕರಕೋಲ್‌ನಲ್ಲಿ ಜನಜಂಗುಳಿ ಇಲ್ಲ. ಕಾನಾದ ಮೇಲೆ ಕುಳಿತು ಹೌಲರ್ ಕೋತಿಗಳ ಗರ್ಜನೆಯನ್ನು ಕೇಳುತ್ತಾ ಒಂದು ಗಂಟೆ ಸುಮ್ಮನಿರಬಹುದು, ಯಾರೂ ಎಬ್ಬಿಸುವುದಿಲ್ಲ. ಗ್ವಾಟೆಮಾಲಾಗೆ ಬೇರೆಯಾಗಿಯೇ ಒಮ್ಮೆ ಹೋಗುವ ಯೋಚನೆ ಇದ್ದವರಿಗಂತೂ ಟಿಕಾಲ್ ಅಲ್ಲಿಯೇ ಕಾದಿರುತ್ತದೆ.

ಗುಹೆಗಳ ವಿಷಯದಲ್ಲಿ ಆಯ್ಕೆ ದೇಹಶಕ್ತಿಯ ಮೇಲೆ ನಿಂತಿದೆ. ಆಕ್ತುನ್ ತುನಿಚಿಲ್ ಮುಕ್ನಾಲ್ ಎಂಬ ಗುಹೆಯನ್ನು ಎಲ್ಲರೂ ಎ.ಟಿ.ಎಂ. ಎಂದೇ ಕರೆಯುತ್ತಾರೆ. ಅಲ್ಲಿಗೆ ಮುಕ್ಕಾಲು ಗಂಟೆ ಕಾಡಿನಲ್ಲಿ ನಡೆದು, ಹೊಳೆಯನ್ನು ಮೂರು ಕಡೆ ದಾಟಿ, ಗುಹೆಯ ಬಾಯಲ್ಲಿ ತಣ್ಣನೆಯ ನೀರಿಗಿಳಿದು ಈಜಿಯೇ ಒಳಗೆ ಹೋಗಬೇಕು. ತಲೆಯ ಮೇಲಿನ ದೀಪವೊಂದೇ ಬೆಳಕು. ಎದೆಮಟ್ಟದ ನೀರಿನಲ್ಲಿ ಬಂಡೆಗಳ ಸಂದಿಯಲ್ಲಿ ನುಸುಳುತ್ತಾ ಸಾಗಿ, ಮೇಲಿನ ಒಣ ಅಂಕಣ ತಲುಪಿದ ಮೇಲೆ ಬೂಟು ಬಿಚ್ಚಿ ಕಾಲುಚೀಲದಲ್ಲಿ ನಡೆಯಬೇಕು. ನೆಲದ ತುಂಬ ಸಾವಿರ ವರ್ಷಕ್ಕೂ ಹಿಂದಿನ ಮಡಕೆಗಳು ಇಟ್ಟಲ್ಲೇ ಇವೆ. ಸುಣ್ಣದ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಅವು ನೆಲಕ್ಕೇ ಅಂಟಿಹೋಗಿವೆ. ಬಲಿಯಾದವರ ಅಸ್ಥಿಗಳೂ ಇವೆ. ಒಂದು ಅಸ್ಥಿಪಂಜರ ಹರಳುಗಟ್ಟಿ ದೀಪ ಬಿದ್ದಾಗ ಮಿನುಗುತ್ತದೆ. ಪ್ರವಾಸಿಯೊಬ್ಬರ ಕೈಯಿಂದ ಕ್ಯಾಮೆರಾ ಜಾರಿ ತಲೆಬುರುಡೆಯೊಂದು ಒಡೆದ ಮೇಲೆ, 2012ರಿಂದ ಒಳಗೆ ಕ್ಯಾಮೆರಾಗೆ ಅನುಮತಿ ಇಲ್ಲ. ಈ ನಿಷೇಧಕ್ಕೆ ನಾನು ಕೃತಜ್ಞ. ಎಂಟು ಜನರ ನಮ್ಮ ಗುಂಪಿನಲ್ಲಿ ಯಾರೂ ಮಾತಾಡದೆ ನಿಂತಿದ್ದ ಆ ಹತ್ತು ನಿಮಿಷಗಳು ಫೋನ್ ಇದ್ದಿದ್ದರೆ ಸಿಗುತ್ತಿರಲಿಲ್ಲ. ಪರವಾನಗಿ ಇರುವ ಮಾರ್ಗದರ್ಶಕರೊಡನೆ ಮಾತ್ರ ಪ್ರವೇಶ, ಜೋರು ಮಳೆಯಾದರೆ ಗುಹೆ ಮುಚ್ಚಿರುತ್ತದೆ.

ಈಜು ಬಾರದವರು ಜೀವರಕ್ಷಕ ಅಂಗಿ ತೊಟ್ಟು ಹೋಗಬಹುದು, ಆದರೆ ಮಂಡಿ, ಸೊಂಟದ ತೊಂದರೆ ಇರುವವರನ್ನು ದಯವಿಟ್ಟು ಅಲ್ಲಿಗೆ ಕರೆದೊಯ್ಯಬೇಡಿ. ಅವರಿಗೆ ಬಾರ್ಟನ್ ಕ್ರೀಕ್ ಇದೆ. ಚಿಕ್ಕ ದೋಣಿಯಲ್ಲಿ ಕುಳಿತೇ ಗುಹೆಯೊಳಗೆ ಸಾಗಬಹುದು. ಮಡಕೆಗಳು, ಹರಳಿನ ತೋರಣಗಳು ಅಲ್ಲೂ ಕಾಣುತ್ತವೆ. ನಾವು ಒಂದೇ ದಿನ ಎರಡು ತಂಡವಾದೆವು: ಅಪ್ಪ ಅಮ್ಮ ಬಾರ್ಟನ್ ಕ್ರೀಕ್‌ಗೆ, ನಾವು ಎ.ಟಿ.ಎಂ. ಗುಹೆಗೆ. ಟೈರ್ ಟ್ಯೂಬಿನ ಮೇಲೆ ಕುಳಿತು ಗುಹೆಯ ಹೊಳೆಯಲ್ಲಿ ತೇಲುವ ಮೂರನೆಯ ಆಯ್ಕೆ ಮಕ್ಕಳಿಗೆ ಚೆನ್ನಾಗಿದೆ, ಆದರೆ ಹಡಗಿನ ಪ್ರವಾಸಿಗರು ಬರುವ ದಿನಗಳಲ್ಲಿ ಅಲ್ಲಿ ಜಾತ್ರೆ.

ಕಡಲ ಬಿಡಾರ: ಎರಡು ದ್ವೀಪ, ಎರಡು ಕರಾವಳಿ ಊರು

ಬೆಲೀಜ್‌ನ ಹವಳದ ದಿಬ್ಬ ಸುಮಾರು 300 ಕಿಲೋಮೀಟರ್ ಉದ್ದದ್ದು. ಅದರ ಏಳು ರಕ್ಷಿತ ಭಾಗಗಳು 1996ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 2009ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿದವು. ಸರ್ಕಾರ ಸಮುದ್ರದಲ್ಲಿ ತೈಲ ಹುಡುಕಾಟವನ್ನು ನಿಲ್ಲಿಸಿದ ಮೇಲೆ 2018ರಲ್ಲಿ ಆ ಎರಡನೆಯ ಪಟ್ಟಿಯಿಂದ ಹೊರಬಂದವು. ನೇತ್ರಾಣಿಯಲ್ಲಿ ಒಮ್ಮೆ ಮುಳುಗಿ ಮೀನು ನೋಡಿದವರಿಗೆ ಇಲ್ಲಿ ನೀರಿನ ತಿಳಿ ಮತ್ತು ಹವಳದ ವಿಸ್ತಾರ ಬೇರೆಯೇ ಲೋಕವಾಗಿ ಕಾಣುತ್ತದೆ.

ಕೀ ಕಾಕರ್ ಮತ್ತು ಸ್ಯಾನ್ ಪೆಡ್ರೊ ನಡುವೆ ಆರಿಸಬೇಕಾದವರಿಗೆ ನನ್ನ ಮತ ಕೀ ಕಾಕರ್. ಬೆಲೀಜ್ ಸಿಟಿಯಿಂದ ದೋಣಿಯಲ್ಲಿ 45 ನಿಮಿಷ. ಸ್ಯಾನ್ ಪೆಡ್ರೊಗೆ ಅದರ ಎರಡರಷ್ಟು. ಕೀ ಕಾಕರ್‌ನಲ್ಲಿ ಮರಳಿನ ಬೀದಿಗಳು, ಕಾರುಗಳಿಲ್ಲ, ಜನ ನಡೆಯುತ್ತಾರೆ ಅಥವಾ ಸೈಕಲ್ ತುಳಿಯುತ್ತಾರೆ. 1961ರ ಹ್ಯಾಟಿ ಚಂಡಮಾರುತದ ಹೊಡೆತಕ್ಕೆ ದ್ವೀಪ ಸೀಳಿದ ಜಾಗವೇ ಈಗ ಎಲ್ಲರೂ ಈಜುವ ಕಾಲುವೆ. ಸ್ಯಾನ್ ಪೆಡ್ರೊ ದೊಡ್ಡ ದ್ವೀಪದ ದೊಡ್ಡ ಊರು: ಒಳ್ಳೆಯ ಹೋಟೆಲು, ಹೆಚ್ಚು ಬಗೆಯ ಊಟ, ಬೀದಿ ತುಂಬ ಗಾಲ್ಫ್ ಗಾಡಿಗಳ ಗಲಾಟೆ, ಹೆಚ್ಚು ಖರ್ಚು. ಹಸುಗೂಸು ಇದ್ದವರಿಗೆ, ವೈದ್ಯರು ಮತ್ತು ಅಂಗಡಿಗಳು ಹತ್ತಿರ ಬೇಕೆನ್ನುವವರಿಗೆ ಸ್ಯಾನ್ ಪೆಡ್ರೊ ಸರಿ. ಎರಡೂ ಕಡೆಯಿಂದ ಹೋಗುವುದು ಒಂದೇ ಜಾಗಕ್ಕೆ, 1987ರಲ್ಲಿ ಸ್ಥಾಪಿತವಾದ ಹೋಲ್ ಚಾನ್ ಸಾಗರ ರಕ್ಷಿತ ಪ್ರದೇಶಕ್ಕೆ. ಅಲ್ಲಿ ಬೆಸ್ತರು ಹಿಂದೆ ಮೀನು ಹಸನುಮಾಡುತ್ತಿದ್ದ ಕಡೆ ನರ್ಸ್ ಶಾರ್ಕ್‌ಗಳೂ ತೊರಕೆ ಮೀನುಗಳೂ ದೋಣಿಯ ಸದ್ದಿಗೇ ಬಂದು ಸುತ್ತುತ್ತವೆ. ಅಮ್ಮ ನೀರಿಗೆ ಇಳಿಯಲಿಲ್ಲ. ದೋಣಿಯ ಅಂಚಿನಿಂದಲೇ ಅಷ್ಟೂ ಕಂಡಿತು.

ಒಂದು ಭ್ರಮೆಯನ್ನು ಮೊದಲೇ ಬಿಡಬೇಕು. ಈ ದ್ವೀಪಗಳಲ್ಲಿ ಮಲ್ಪೆ, ಓಂ ಬೀಚಿನಂಥ ಅಗಲವಾದ ಮರಳ ದಂಡೆ ಇಲ್ಲ. ಹವಳದ ದಿಬ್ಬ ಅಲೆಗಳನ್ನು ತಡೆಯುವುದರಿಂದ ದಡದಲ್ಲಿ ನೀರು ಆಳವಿಲ್ಲದೆ, ಹುಲ್ಲು ಬೆಳೆದಿರುತ್ತದೆ. ಬೇಸಿಗೆಯಲ್ಲಿ ಸಾರ್ಗಾಸಮ್ ಪಾಚಿ ರಾಶಿಯಾಗಿ ಬಂದು ನಾರುವುದೂ ಉಂಟು. ಮರಳ ದಂಡೆಯೇ ಮುಖ್ಯವಾದರೆ ಪ್ಲಾಸೆನ್ಸಿಯಾಗೆ ಹೋಗಬೇಕು.

ಗ್ರೇಟ್ ಬ್ಲೂ ಹೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಸುಮಾರು 300 ಮೀಟರ್ ಅಗಲ, 120 ಮೀಟರಿಗೂ ಹೆಚ್ಚು ಆಳದ ಈ ನೀಲಿ ಬಾವಿಗೆ 1971ರಲ್ಲಿ ಫ್ರಾನ್ಸಿನ ಸಾಗರ ಅನ್ವೇಷಕ ಜ್ಯಾಕ್ ಕೂಸ್ಟೊ ಬಂದುಹೋದ ಮೇಲೆ ಜಗತ್ತಿನಲ್ಲೆಲ್ಲ ಹೆಸರಾಯಿತು. ಚಿತ್ರಗಳಲ್ಲಿ ಕಾಣುವ ಪೂರ್ಣ ವೃತ್ತ ಆಕಾಶದಿಂದ ಮಾತ್ರ ಕಾಣುತ್ತದೆ. ದೋಣಿಯಲ್ಲಿ ತೆರೆದ ಸಮುದ್ರದ ಮೇಲೆ ಎರಡು ಗಂಟೆಗೂ ಹೆಚ್ಚು ಹೊತ್ತು ಎತ್ತಿಹಾಕಿಸಿಕೊಂಡು ಹೋದವರಿಗೆ ಕಾಣುವುದು ಕಡುನೀಲಿ ನೀರು. ಒಳಗಿನ ಸುಣ್ಣದ ತೊಂಗಲುಗಳಿರುವುದು ಸುಮಾರು 40 ಮೀಟರ್ ಆಳದಲ್ಲಿ, ಅಷ್ಟು ಆಳಕ್ಕೆ ಅನುಭವಿ ಮುಳುಗುಗಾರರೇ ಹೋಗಬೇಕು. ಸ್ನಾರ್ಕಲಿಂಗ್, ಅಂದರೆ ಉಸಿರುಕೊಳವೆ ಕಚ್ಚಿಕೊಂಡು ನೀರಿನ ಮೇಲೆ ತೇಲುತ್ತ ಕೆಳಗೆ ನೋಡುವುದು ಮಾತ್ರ ಬಲ್ಲವರು ಆ ಹಣದಲ್ಲಿ ಹೋಲ್ ಚಾನ್‌ಗೆ ಎರಡು ಸಲ ಹೋಗಿ ಬರುವುದು ಲೇಸು, ಇಲ್ಲವೆ ಚಿಕ್ಕ ವಿಮಾನದಲ್ಲಿ ಮೇಲಿಂದ ನೋಡುವುದು ಲೇಸು.

ದಕ್ಷಿಣದ ಹಾಪ್ಕಿನ್ಸ್ ಗರಿಫುನಾ ಜನರ ಹಳ್ಳಿ. ಆಫ್ರಿಕನ್ ಮತ್ತು ಕೆರಿಬಿಯನ್ ಮೂಲನಿವಾಸಿ ಬೇರುಗಳ ಈ ಜನರ ಭಾಷೆ, ಕುಣಿತ, ಸಂಗೀತಗಳನ್ನು ಯುನೆಸ್ಕೊ 2001ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು. ನವೆಂಬರ್ 19 ಅವರ ದೊಡ್ಡ ದಿನ, ರಾಷ್ಟ್ರೀಯ ರಜೆ ಕೂಡ. ನವೆಂಬರ್ ಕೊನೆಗೆ ಬರುವ ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಹೊರಡುವವರು ಅದರ ಹಿಂದಿನ ವಾರವೇ ಹೊರಡಲು ಸಾಧ್ಯವಾದರೆ ಹಾಪ್ಕಿನ್ಸ್ ಅಥವಾ ಹತ್ತಿರದ ಡಾಂಗ್ರಿಗಾ ಪಟ್ಟಣದಲ್ಲಿ ಇಡೀ ರಾತ್ರಿಯ ಮದ್ದಳೆ ಕೇಳಬಹುದು. ಇಲ್ಲಿಂದ ಮುಕ್ಕಾಲು ಗಂಟೆಯಲ್ಲಿ ಕಾಕ್ಸ್‌ಕೋಂಬ್ ಅಭಯಾರಣ್ಯ; ಜ್ಯಾಗ್ವಾರ್‌ಗಳಿಗಾಗಿ 1980ರ ದಶಕದಲ್ಲಿ ಮೀಸಲಿಟ್ಟ ಕಾಡು. ಕಬಿನಿಯಲ್ಲಿ ಜೀಪಿನಲ್ಲಿ ಕುಳಿತು ಹುಲಿ ಕಂಡವರು ಅದೇ ನಿರೀಕ್ಷೆಯಲ್ಲಿ ಬರಬಾರದು. ಇಲ್ಲಿ ಕಾಲ್ನಡಿಗೆ, ಕಾಣುವುದು ಕೆಸರಿನಲ್ಲಿ ಮೂಡಿದ ಹೆಜ್ಜೆ, ಎಲೆ ಹೊತ್ತು ಸಾಲಾಗಿ ಸಾಗುವ ಇರುವೆ, ಜಲಪಾತ. ಹವಳದ ದಿಬ್ಬ ಇಲ್ಲಿಂದ ದೂರವಾದ್ದರಿಂದ ಸ್ನಾರ್ಕಲಿಂಗ್‌ಗೆ ಇಡೀ ದಿನವೂ ಹೆಚ್ಚು ಹಣವೂ ಬೇಕು. ಮಾರ್ಚ್‌ನಿಂದ ಜೂನ್‌ವರೆಗೆ ಹುಣ್ಣಿಮೆಯ ಆಸುಪಾಸಿನಲ್ಲಿ ಪ್ಲಾಸೆನ್ಸಿಯಾದಿಂದ ಗ್ಲ್ಯಾಡನ್ ಸ್ಪಿಟ್‌ಗೆ ತಿಮಿಂಗಿಲ ಶಾರ್ಕ್ ನೋಡಲು ಹೋಗುತ್ತಾರೆ. ಅದೊಂದಕ್ಕಾಗಿ ದಕ್ಷಿಣವನ್ನು ಆರಿಸುವವರೂ ಇದ್ದಾರೆ.

ಯಾವುದು ಮೊದಲು, ಯಾವುದು ಆಮೇಲೆ

ಸಾಮಾನ್ಯವಾಗಿ ಜನ ಕಾಡನ್ನು ಮೊದಲು ಮುಗಿಸಿ, ವಿಶ್ರಾಂತಿಗೆಂದು ಕಡಲನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಸ್ನಾರ್ಕಲಿಂಗ್ ಮಾಡುವವರಿಗೆ ಇದೇ ಸರಿಯಾದ ಕ್ರಮ: ಸ್ಯಾನ್ ಇಗ್ನೇಸಿಯೊ ಮೂರು ರಾತ್ರಿ, ಕೀ ಕಾಕರ್ ಮೂರು ರಾತ್ರಿ. ಆದರೆ ಸ್ಕೂಬಾ ಡೈವಿಂಗ್ ಮಾಡುವವರು, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಮುಳುಗುವವರು, ಈ ಕ್ರಮವನ್ನು ತಿರುಗಿಸಲೇಬೇಕು. ಕೊನೆಯ ಸಲ ಮುಳುಗಿ ಎದ್ದ ಮೇಲೆ ವಿಮಾನ ಹತ್ತಲು ಕನಿಷ್ಠ 18 ಗಂಟೆ, ಸುರಕ್ಷತೆಗಾಗಿ 24 ಗಂಟೆ ಬಿಡಬೇಕು; ಇಲ್ಲವಾದರೆ ರಕ್ತದಲ್ಲಿ ಕರಗಿದ ನೈಟ್ರೋಜನ್ ಗುಳ್ಳೆಗಟ್ಟಿ ಜೀವಕ್ಕೇ ಅಪಾಯವಾಗಬಹುದು. ಅಂಥವರಿಗೆ ಮೊದಲು ದ್ವೀಪ, ಆಮೇಲೆ ಕಾಡು.

ಹಿರಿಯರು ಜೊತೆಗಿದ್ದು, ದೋಣಿಯ ಕುಲುಕಾಟ ಅವರಿಗೆ ಆಗದಿದ್ದರೆ ಸ್ಯಾನ್ ಇಗ್ನೇಸಿಯೊ ಮತ್ತು ಹಾಪ್ಕಿನ್ಸ್ ಜೋಡಿಯೇ ಉತ್ತಮ. ಇವೆರಡರ ನಡುವಿನ ಹಮ್ಮಿಂಗ್‌ಬರ್ಡ್ ಹೆದ್ದಾರಿ ಕಿತ್ತಳೆ ತೋಟಗಳನ್ನೂ ಸುಣ್ಣದ ಕಲ್ಲಿನ ಬೆಟ್ಟಗಳನ್ನೂ ಬಳಸಿ ಹೋಗುತ್ತದೆ. ಎರಡು ಎರಡೂವರೆ ಗಂಟೆಯ ಆ ದಾರಿಯೇ ಒಂದು ನೋಟ. ಇದಕ್ಕೆ ಬಾಡಿಗೆ ಕಾರು ಬೇಕು. ರಸ್ತೆಯ ಬಲಬದಿಯಲ್ಲಿ ಓಡಿಸಬೇಕು, ಪ್ರತಿ ಹಳ್ಳಿಯಲ್ಲೂ ಉಬ್ಬುಗಳಿವೆ, ಅವುಗಳಿಗೆ ಬಣ್ಣ ಬಳಿದಿರುವುದಿಲ್ಲ. ಕತ್ತಲಾದ ಮೇಲೆ ಓಡಿಸಬೇಡಿ. ಕೀ ಕಾಕರ್ ಸೇರಿಸಿಕೊಂಡವರು ಕಾರು ತೆಗೆದುಕೊಂಡರೆ ಮೂರು ದಿನ ಅದು ಬೆಲೀಜ್ ಸಿಟಿಯಲ್ಲಿ ಸುಮ್ಮನೆ ನಿಂತು ಬಾಡಿಗೆ ತಿನ್ನುತ್ತದೆ. ಅವರಿಗೆ ಬಸ್ಸು ಅಥವಾ ಹೋಟೆಲಿನವರು ಗೊತ್ತುಮಾಡುವ ವ್ಯಾನು ಸಾಕು. ಬಸ್ಸುಗಳು ಅಮೆರಿಕದ ಹಳೆಯ ಶಾಲಾ ಬಸ್ಸುಗಳೇ. ಅಗ್ಗ, ಕೈ ತೋರಿಸಿದಲ್ಲೆಲ್ಲ ನಿಲ್ಲುತ್ತವೆ, ಆದ್ದರಿಂದಲೇ ನಿಧಾನ. ದ್ವೀಪದ ಕೊನೆಯ ದೋಣಿ ಸಂಜೆ ಐದರ ಸುಮಾರಿಗೆ ಹೊರಟುಬಿಡುತ್ತದೆ ಎಂಬುದನ್ನು ಮರೆಯಬಾರದು. ದ್ವೀಪದಿಂದ ಹೊರಡುವ ದಿನ ಮಧ್ಯಾಹ್ನಕ್ಕಿಂತ ಮೊದಲೇ ವಿಮಾನವಿದ್ದರೆ ದೋಣಿಯನ್ನು ನೆಚ್ಚದೆ ಚಿಕ್ಕ ವಿಮಾನದಲ್ಲಿ ಬನ್ನಿ.

ಟೊಲೆಡೊ ನನಗೆ ಬಹಳ ಇಷ್ಟ, ಆದರೂ ಒಂದು ವಾರದ ಮೊದಲ ಪ್ರವಾಸಕ್ಕೆ ಅದನ್ನು ಸೇರಿಸಿ ಎನ್ನಲಾರೆ. ಪುಂಟಾ ಗೋರ್ಡಾದ ಆಸುಪಾಸಿನಲ್ಲಿ ಮಾಯಾ ಹಳ್ಳಿಗಳು, ಕೋಕೋ ತೋಟಗಳು, ಲುಬಾನ್‌ತುನ್ ಎಂಬ ಗಾರೆಯಿಲ್ಲದೆ ಕಟ್ಟಿದ ಕಲ್ಲಿನ ನಗರ ಇವೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಬಂದ ಭಾರತೀಯರ ವಂಶಸ್ಥರೂ ಈ ಜಿಲ್ಲೆಯಲ್ಲಿದ್ದಾರೆ. ಭಾಷೆ ಮರೆತುಹೋಗಿದೆ, ಅರಿಸಿನ ಮರೆತಿಲ್ಲ; ಬೆಲೀಜ್‌ನಲ್ಲಿ ಅದರ ಹೆಸರು ಹಳದಿ ಶುಂಠಿ. ಎರಡನೆಯ ಸಲ ಹೋಗುವವರು ದ್ವೀಪವನ್ನು ಕೈಬಿಟ್ಟು ಹಾಪ್ಕಿನ್ಸ್ ಮತ್ತು ಪುಂಟಾ ಗೋರ್ಡಾ ಜೋಡಿಸಿಕೊಳ್ಳಬಹುದು.

ಊಟ, ಹಣ, ಕಾಗದಪತ್ರ

ಸಸ್ಯಾಹಾರಿಗಳಿಗೆ ಕಷ್ಟವಿಲ್ಲ, ಎಚ್ಚರ ಬೇಕು. ಇಲ್ಲಿನ ನಿತ್ಯದ ಊಟ ತೆಂಗಿನ ಹಾಲಿನಲ್ಲಿ ಕೆಂಪು ಕಾಳಿನೊಡನೆ ಬೇಯಿಸಿದ ಅನ್ನ. ಅದನ್ನು ರೈಸ್ ಅಂಡ್ ಬೀನ್ಸ್ ಎನ್ನುತ್ತಾರೆ. ಬೀನ್ಸ್ ಅಂಡ್ ರೈಸ್ ಎಂದರೆ ಬೇರೆ: ಅನ್ನ ಒಂದು ಕಡೆ, ಕಾಳಿನ ಗಸಿ ಇನ್ನೊಂದು ಕಡೆ. ಎರಡರಲ್ಲೂ ರುಚಿಗೆಂದು ಉಪ್ಪು ಹಾಕಿದ ಹಂದಿಯ ಬಾಲ ಸೇರಿಸುವ ರೂಢಿ ಇದೆ. ಮಾಂಸ ಬೇಡ ಎಂದು ಹೇಳಿದರೆ ಸಾಲದು, ಕಾಳಿನಲ್ಲಿ ಪಿಗ್‌ಟೇಲ್ ಹಾಕಿದ್ದೀರಾ ಎಂದು ಹೆಸರು ಹಿಡಿದೇ ಕೇಳಬೇಕು. ಬೆಳಗಿನ ತಿಂಡಿಗೆ ಪೂರಿಯ ಅಣ್ಣನಂತಿರುವ ಫ್ರೈ ಜ್ಯಾಕ್, ಜೊತೆಗೆ ಕರಿದ ಬಾಳೆಹಣ್ಣು, ಎಲ್ಲ ಮೇಜುಗಳ ಮೇಲೂ ಇರುವ ಮೇರಿ ಶಾರ್ಪ್ಸ್ ಖಾರ. ಕ್ಯಾರೆಟ್ ಮತ್ತು ಹಬನೇರೊ ಮೆಣಸಿನ ಆ ಖಾರ ಸಿಕ್ಕಿದ ಮೇಲೆ ಅಮ್ಮ ತಂದಿದ್ದ ಚಟ್ನಿಪುಡಿಯ ಡಬ್ಬಿ ಅರ್ಧಕ್ಕೇ ಉಳಿಯಿತು. ಶನಿವಾರ ಸ್ಯಾನ್ ಇಗ್ನೇಸಿಯೊದಲ್ಲಿ ಇರುವಂತೆ ದಿನಗಳನ್ನು ಹೊಂದಿಸಿಕೊಂಡರೆ ಅಲ್ಲಿನ ಸಂತೆಯಲ್ಲಿ ಹಣ್ಣು, ತರಕಾರಿ, ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರು ತರುವ ಚೀಸ್ ಎಲ್ಲವೂ ಸಿಗುತ್ತವೆ.

ಎರಡು ಬೆಲೀಜ್ ಡಾಲರಿಗೆ ಒಂದು ಅಮೆರಿಕನ್ ಡಾಲರ್, ಈ ದರ ಸ್ಥಿರ. ಅಮೆರಿಕದ ನೋಟುಗಳು ಎಲ್ಲೆಡೆ ನಡೆಯುತ್ತವೆ; ಆದ್ದರಿಂದಲೇ ಬೆಲೆ ಹೇಳಿದಾಗ ಯಾವ ಡಾಲರ್ ಎಂದು ಪ್ರತಿ ಸಲವೂ ಕೇಳಬೇಕು. ಕೋಣೆಯ ಬಾಡಿಗೆಯ ಮೇಲೆ 9 ಶೇಕಡ ತೆರಿಗೆ, ಉಳಿದ ಸೇವೆಗಳ ಮೇಲೆ 12.5 ಶೇಕಡ, ಹೇಳಿದ ಬೆಲೆಯಲ್ಲಿ ಇವು ಸೇರಿವೆಯೇ ಎಂದೂ ವಿಚಾರಿಸಿಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ಚಾಲ್ತಿಯಲ್ಲಿರುವ ಬಹುಪ್ರವೇಶ ವೀಸಾ ಅಥವಾ ಗ್ರೀನ್ ಕಾರ್ಡ್ ಇದ್ದರೆ ಬೆಲೀಜ್ ವೀಸಾದಿಂದ ವಿನಾಯಿತಿ ನೀಡುತ್ತಾ ಬಂದಿದೆ. ಟಿಕೆಟ್ ಕೊಳ್ಳುವ ಮೊದಲು ಅವರ ದೂತಾವಾಸದ ಈಗಿನ ನಿಯಮವನ್ನು ನೋಡಿಯೇ ಮುಂದುವರಿಯಬೇಕು. ನಮ್ಮವರು ಹೆಚ್ಚಾಗಿ ಎಡವುವುದು ಹಿಂತಿರುಗುವ ವಿಷಯದಲ್ಲಿ. ಪಾಸ್‌ಪೋರ್ಟಿನಲ್ಲಿರುವ ಎಚ್‌-1ಬಿ ಎಂಬ ಅಮೆರಿಕದ ಕೆಲಸದ ವೀಸಾ ಮುದ್ರೆಯ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗಳಿಗೆ 30 ದಿನದೊಳಗೆ ಹೋಗಿ ಬರಲು ಅಮೆರಿಕದ ನಿಯಮದಲ್ಲಿ ಒಂದು ಅವಕಾಶವಿದೆ. ಅದು ಬೆಲೀಜ್‌ಗೆ ಅನ್ವಯಿಸುವುದಿಲ್ಲ. ಮೆಕ್ಸಿಕೊದ ಪಕ್ಕದಲ್ಲೇ ಇದೆಯಲ್ಲ ಎಂದು ಹೊರಟರೆ ವಾಪಸು ಬರುವಾಗ ವಿಮಾನವನ್ನೇ ಹತ್ತಿಸುವುದಿಲ್ಲ.

ಪಾಸ್‌ಪೋರ್ಟಿನ ಮುದ್ರೆಯನ್ನು ನೋಡಿಕೊಂಡ ಮೇಲೆ ಮೊದಲು ಕಾದಿರಿಸಬೇಕಾದದ್ದು ವಿಮಾನ, ಎರಡನೆಯದು ಎ.ಟಿ.ಎಂ. ಗುಹೆಯ ಮಾರ್ಗದರ್ಶಕ. ಚಳಿಗಾಲದಲ್ಲಿ ಅವರ ದಿನಗಳು ವಾರಗಳ ಮೊದಲೇ ತುಂಬಿಹೋಗುತ್ತವೆ. ಗುಹೆಗೆ ಸ್ಯಾನ್ ಇಗ್ನೇಸಿಯೊ ಸೇರಿದ ಮರುದಿನವನ್ನೇ ಕೇಳಿ. ಮಳೆ ಬಂದು ಗುಹೆ ಮುಚ್ಚಿದರೆ ಅದರ ಮರುದಿನ ಕೈಯಲ್ಲಿ ಇರುತ್ತದೆ, ಕರಕೋಲ್ ಅಥವಾ ಷುನಾನ್‌ತುನಿಚ್ ಅನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು.